ಷೇರು ಮರುಖರೀದಿ: ಶೀರ್ಷಿಕೆಯ ಅಂಕಿ, ನಿಜವಾದ ಅಂಕಿ

‘ಸಾವಿರಾರು ಕೋಟಿ ರೂಪಾಯಿಗಳ ಷೇರು ಮರುಖರೀದಿ’ ಎಂಬ ಸುದ್ದಿ ಪತ್ರಿಕೆಯಲ್ಲಿ ಕಂಡೊಡನೆ, ಆ ಕಂಪೆನಿಯ ಐವತ್ತೋ ನೂರೋ ಷೇರುಗಳನ್ನು ಇಟ್ಟುಕೊಂಡಿರುವ ಗೃಹಸ್ಥನಿಗೆ ಸಂತೋಷವೂ ಗೊಂದಲವೂ ಒಟ್ಟಿಗೇ ಉಂಟಾಗುತ್ತವೆ. ಕಂಪೆನಿಯೇ ಮುಂದೆ ಬಂದು ಪೇಟೆಯ ದರಕ್ಕಿಂತ ಹೆಚ್ಚು ಬೆಲೆ ಕೊಡುವುದಾದರೆ ಷೇರನ್ನು ಕೊಟ್ಟುಬಿಡುವುದು ಜಾಣತನವೋ, ಇಟ್ಟುಕೊಳ್ಳುವುದು ಜಾಣತನವೋ? ಮಕ್ಕಳ ವಿದ್ಯಾಭ್ಯಾಸಕ್ಕೆಂದೋ ವೃದ್ಧಾಪ್ಯಕ್ಕೆಂದೋ ಕೂಡಿಟ್ಟ ಹಣದ ಮಾತು ಇದು. ಶೀರ್ಷಿಕೆಯ ದೊಡ್ಡ ಅಂಕಿಯೊಂದನ್ನೇ ನೋಡಿ ತೀರ್ಮಾನಿಸುವುದು ಸಲ್ಲದು.

ಹತ್ತು ಮಂದಿ ಪಾಲುಗಾರರಿರುವ ತೆಂಗಿನ ತೋಟವೊಂದಿದೆ ಎನ್ನೋಣ. ವರ್ಷಕ್ಕೆ ಒಂಬತ್ತು ಸಾವಿರ ಕಾಯಿ ಬಂದರೆ ಒಬ್ಬೊಬ್ಬನಿಗೆ ಒಂಬೈನೂರು. ತೋಟದ ಸಾಮಾನ್ಯ ನಿಧಿಯಿಂದ ಒಬ್ಬನಿಗೆ ಹಣ ಕೊಟ್ಟು ಅವನ ಪಾಲನ್ನು ಬಿಡಿಸಿಕೊಂಡರೆ, ಉಳಿದ ಒಂಬತ್ತು ಮಂದಿಗೆ ತಲೆಗೆ ಸಾವಿರ ಕಾಯಿ. ಮರ ಹೆಚ್ಚಲಿಲ್ಲ, ಫಸಲು ಹೆಚ್ಚಲಿಲ್ಲ; ಪಾಲು ಮಾತ್ರ ಹೆಚ್ಚಿತು. ಆದರೆ ನಿಧಿಯ ಹಣವೂ ಎಲ್ಲರಿಗೂ ಸೇರಿದ್ದು. ಹೋಗುವವನಿಗೆ ನ್ಯಾಯವಾದುದಕ್ಕಿಂತ ಹೆಚ್ಚು ತೆತ್ತರೆ ನಷ್ಟ ಉಳಿದವರದು. ಅದೇ ಹಣದಲ್ಲಿ ಹೊಸ ಬಾವಿ ತೋಡಿಸಿ ಫಸಲು ಹೆಚ್ಚಿಸಬಹುದಾಗಿದ್ದರೆ ಆ ನಷ್ಟವೂ ಅವರದೇ.

ಮರುಖರೀದಿಯ ಗುಟ್ಟೆಲ್ಲ ಇಷ್ಟೇ. 1956ರ ಕಂಪೆನಿ ಕಾನೂನು ಸಾಮಾನ್ಯವಾಗಿ ಇದಕ್ಕೆ ಅವಕಾಶ ಕೊಟ್ಟಿರಲಿಲ್ಲ. 1998ರ ಸುಗ್ರೀವಾಜ್ಞೆಯಿಂದ ಭಾರತದಲ್ಲಿ ಇದರ ಬಾಗಿಲು ತೆರೆಯಿತು.

ಬೆಂಗಳೂರಿನ ಇನ್ಫೋಸಿಸ್ ಕಂಪೆನಿಯ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2017ರಲ್ಲಿ ಅದು ತನ್ನ ಮೊದಲ ಮರುಖರೀದಿಗೆ 13,000 ಕೋಟಿ ರೂಪಾಯಿ ವಿನಿಯೋಗಿಸಿ, ತಲಾ 1,150 ರೂಪಾಯಿಗೆ ಸುಮಾರು 11.3 ಕೋಟಿ ಷೇರುಗಳನ್ನು ಕೊಂಡಿತು. ಅದು ಆಗಿದ್ದ ಒಟ್ಟು ಷೇರುಗಳಲ್ಲಿ ಶೇಕಡ 4.92. 2025ರಲ್ಲಿ 18,000 ಕೋಟಿ ರೂಪಾಯಿ ತೆತ್ತು, ತಲಾ 1,800 ರೂಪಾಯಿಗೆ 10 ಕೋಟಿ ಷೇರುಗಳನ್ನು ಕೊಂಡಿತು. ಇದು ಶೇಕಡ 2.41 ಮಾತ್ರ. ವೆಚ್ಚ ಐದು ಸಾವಿರ ಕೋಟಿ ಹೆಚ್ಚಿತು. ಕರಗಿದ ಪಾಲು ಮಾತ್ರ ಅರ್ಧಕ್ಕಿಳಿಯಿತು. ಆದುದರಿಂದ ನೋಡಬೇಕಾದುದು ರೂಪಾಯಿಯ ಮೊತ್ತವನ್ನಲ್ಲ, ಶೇಕಡ ಪ್ರಮಾಣವನ್ನು.

ಅದನ್ನೂ ಒಂದು ವರ್ಷಕ್ಕೆ ನೋಡಿದರೆ ಸಾಲದು. 2017ರ ಮಾರ್ಚಿಯಲ್ಲಿ ಈ ಕಂಪೆನಿಯ ಷೇರುಗಳು ಸುಮಾರು 229.7 ಕೋಟಿ. 2018ರಲ್ಲಿ ಒಂದಕ್ಕೊಂದರಂತೆ ಬೋನಸ್ ಷೇರು ಕೊಟ್ಟುದರಿಂದ, ಹೋಲಿಕೆಗಾಗಿ ಹಳೆಯ ಸಂಖ್ಯೆಯನ್ನು ಇಮ್ಮಡಿಸಿ ಸುಮಾರು 459 ಕೋಟಿ ಎಂದು ಹಿಡಿಯಬೇಕು. ನಾಲ್ಕು ಮರುಖರೀದಿಗಳ ಬಳಿಕ, 2025ರ ಮಾರ್ಚಿಯಲ್ಲಿ, ಉಳಿದುದು ಸುಮಾರು 415 ಕೋಟಿ. ಎಂಟು ವರ್ಷಗಳಲ್ಲಿ ಶೇಕಡ 9.6ರಷ್ಟು, ಎಂದರೆ ವರ್ಷಕ್ಕೆ ಸುಮಾರು ಶೇಕಡ 1.2ರಷ್ಟು, ಪಾಲುಗಳು ಕರಗಿದವು. ಇದೇ ದೀರ್ಘಕಾಲದ ಮರುಖರೀದಿ ಪ್ರಮಾಣ.

ಇದರ ಫಲವೇನು? 2016-17ರಲ್ಲಿ ಸುಮಾರು 14,350 ಕೋಟಿ ರೂಪಾಯಿಯಿದ್ದ ಲಾಭ 2024-25ರಲ್ಲಿ ಸುಮಾರು 26,700 ಕೋಟಿಗೆ ಏರಿತು. ಶೇಕಡ 86ರ ಏರಿಕೆ. ಷೇರೊಂದರ ಗಳಿಕೆಯಾದರೋ, ಬೋನಸ್ಸಿನ ಲೆಕ್ಕ ಹಿಡಿದು, ಸುಮಾರು 31.4 ರೂಪಾಯಿಯಿಂದ 64.5 ರೂಪಾಯಿಗೆ, ಎಂದರೆ ಶೇಕಡ 105ರಷ್ಟು ಏರಿತು. ಈ ಎರಡರ ಅಂತರ ಬಹುಮಟ್ಟಿಗೆ ಮರುಖರೀದಿಯ ಕೊಡುಗೆ. ಸಾರು ಕುದಿದದ್ದು ವ್ಯವಹಾರದಿಂದ. ಮರುಖರೀದಿ ಅದಕ್ಕೆ ಬಿದ್ದ ಒಗ್ಗರಣೆ. ಒಗ್ಗರಣೆಯ ಘಮವನ್ನೇ ನಂಬಿ ಸಾರಿಲ್ಲದ ಪಾತ್ರೆಯ ಮುಂದೆ ಎಲೆ ಹಾಕಿಕೊಂಡು ಕುಳಿತವರು ಹಸಿದೇ ಏಳಬೇಕಾಗುತ್ತದೆ.

ಇನ್ನೂ ಎರಡು ಎಚ್ಚರಿಕೆಗಳು ಬೇಕು. ಕೆಲವು ಕಂಪೆನಿಗಳು ಒಂದು ಕೈಯಿಂದ ಷೇರುಗಳನ್ನು ಕೊಂಡು, ಇನ್ನೊಂದು ಕೈಯಿಂದ ನೌಕರರಿಗೆ ಹೊಸ ಷೇರುಗಳನ್ನು ಹಂಚುತ್ತವೆ. ಕೊಂಡದ್ದೆಷ್ಟೆಂದು ಕೂಡಿಸುವುದಕ್ಕಿಂತ ಕೊನೆಗೆ ಉಳಿದುದೆಷ್ಟೆಂದು ನೋಡುವುದೇ ಸರಿ. ವಾರ್ಷಿಕ ವರದಿಯ ಷೇರು ಬಂಡವಾಳದ ಟಿಪ್ಪಣಿಯಲ್ಲಿ ಆ ಸಂಖ್ಯೆ ದೊರೆಯುತ್ತದೆ. ಮರುಖರೀದಿಯ ಹಣ ವ್ಯವಹಾರದ ಉಳಿತಾಯದಿಂದ ಬಂದಿತೋ ಸಾಲದಿಂದ ಬಂದಿತೋ ಎಂಬುದನ್ನೂ ಪರೀಕ್ಷಿಸಬೇಕು. ಸಾಲ ಮಾಡಿ ಪಾಲುಗಾರನನ್ನು ಕಳಿಸಿದ ತೋಟದಲ್ಲಿ ಬರಗಾಲ ಬಂದರೆ, ಕಾಯಿಗೆ ಮೊದಲು ಬಡ್ಡಿಯವನು ಬರುತ್ತಾನೆ.

ಇನ್ನು ಷೇರನ್ನು ಕೊಡುವುದೋ ಉಳಿಸಿಕೊಳ್ಳುವುದೋ ಎಂಬ ಪ್ರಶ್ನೆ. ಉಳಿಸಿಕೊಂಡವನು ಸುಮ್ಮನಿರುವಂತೆ ಕಂಡರೂ, ಕಂಪೆನಿಯ ಕೈಯಿಂದ ತಾನೂ ಆ ಬೆಲೆಗೆ ಷೇರು ಕೊಳ್ಳುತ್ತಿರುತ್ತಾನೆ. ಗೃಹಸ್ಥನು ತನ್ನನ್ನೇ ಕೇಳಿಕೊಳ್ಳಬೇಕಾದ ಮಾತು ಒಂದೇ: ‘ಈ ಬೆಲೆಗೆ ಇನ್ನಷ್ಟು ಷೇರುಗಳನ್ನು ನನ್ನ ಸ್ವಂತ ಹಣದಿಂದ ಕೊಳ್ಳುತ್ತಿದ್ದೆನೇ?’ ಹೌದೆಂದು ಮನಸ್ಸು ಹೇಳಿದರೆ ಉಳಿಸಿಕೊಳ್ಳಲಿ; ಇಲ್ಲವೆಂದರೆ, ತೆರಿಗೆಯ ಲೆಕ್ಕವನ್ನೂ ನೋಡಿಕೊಂಡು, ಕೊಡಲು ಸಂಕೋಚಪಡಬೇಕಾಗಿಲ್ಲ.