ಹಾಳು ಜಾಗ ಯಾರದು? ಹಸಿರು ಯಾರಿಗೆ?

ನಮ್ಮ ಐದೂ ಊರುಗಳಲ್ಲಿ ಅಂಥದೊಂದು ಜಾಗ ಐತಿ. ಕೂಡ್ಲಿಗಿಯಾಗಲಿ, ಕೊಟ್ಟೂರಾಗಲಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಾಗಲಿ, ಅದನ್ನು ಹುಡುಕಬೇಕಿಲ್ಲ. ಮೂಗೇ ದಾರಿ ತೋರಿಸುತ್ತದೆ. ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿರುತ್ತದೆ. ಊರ ಕಸವೆಲ್ಲ ಅಲ್ಲಿ ಬಿದ್ದಿರುತ್ತದೆ. ಪಹಣಿಯಲ್ಲಿ ಅದಕ್ಕೆ ಖರಾಬು ಅಂತ ಹೆಸರು. ಅದಕ್ಕೆ ಅಂಟಿಕೊಂಡೇ ನಮ್ಮ ಕೇರಿ. ಖರಾಬಿನ ಪಕ್ಕಕ್ಕೆ ಕೇರಿಯನ್ನು ತಳ್ಳಿದರೋ, ಕೇರಿಯ ಪಕ್ಕಕ್ಕೆ ಊರ ಹೊಲಸನ್ನು ತಂದು ಸುರಿದರೋ, ಇದನ್ನು ಯಾವ ದಫ್ತರದಲ್ಲೂ ಬರೆದಿಟ್ಟಿಲ್ಲ. ನಮ್ಮ ಅಜ್ಜಂದಿರ ಬೆನ್ನಿಗೆ ಮಾತ್ರ ಗೊತ್ತು.

ಇಂಥ ಜಾಗಗಳನ್ನು ಪಾರ್ಕು ಮಾಡಬೇಕು ಅನ್ನುವ ಮಾತು ಈಗ ಕೇಳಿಬರುತ್ತಿದೆ. 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಐದೂ ಊರು ಅದರೊಳಗೆ ಬಂದವು. ಜಿಲ್ಲೆ ಹೊಸದು, ಕಚೇರಿ ಹೊಸವು, ಸೈಟಿನ ರೇಟೂ ಹೊಸದು. ನಿನ್ನೆಯವರೆಗೆ ಮೂಗಿಗೆ ಕರ್ಚೀಪು ಹಿಡಿದು ದಾಟುತ್ತಿದ್ದವರ ಕಣ್ಣಿಗೆ ಇವತ್ತು ಅದೇ ಖರಾಬಿನಲ್ಲಿ ಚಿನ್ನ ಕಾಣುತ್ತಿದೆ.

ಮೊದಲೇ ಹೇಳಿಬಿಡುತ್ತೇನೆ. ನಾವು ಮರದ ವೈರಿಗಳಲ್ಲ. ಏಪ್ರಿಲ್ಲಿನ ಬಿಸಿಲಿನಲ್ಲಿ ತಗಡಿನ ಮನೆಯೊಳಗೆ ಬೇಯುವವರು ನಾವು. ಒಂದೇ ಕೋಣೆಯಲ್ಲಿ ಹತ್ತಾರು ಟ್ರಂಕು ಇಟ್ಟುಕೊಂಡು, ಪರೀಕ್ಷೆಗೆ ಓದಲು ಮೂಲೆ ಹುಡುಕುವ ಹಾಸ್ಟೆಲ್ ಹುಡುಗರು ನಾವು. ನೆರಳಿನ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಪ್ರಶ್ನೆ ಒಂದೇ: ಆ ಪಾರ್ಕಿನ ಬೀಗದ ಕೈ ಯಾರ ಸೊಂಟದಲ್ಲಿ ಇರುತ್ತದೆ?

ಹಾಳು ಜಾಗ ಅಂತಾರಲ್ಲ, ಯಾರಿಗೆ ಹಾಳು? ಅಲ್ಲಿಯ ಜಾಲಿ ಕಡಿದು ನಮ್ಮ ಅವ್ವಂದಿರು ಒಲೆ ಹೊತ್ತಿಸಿದ್ದಾರೆ. ಅಲ್ಲಿ ಮೇಯ್ದ ಆಡು ಮಾರಿ ನಮಗೆ ಕಾಲೇಜಿನ ಫೀಜು ಕಟ್ಟಿದ್ದಾರೆ. ಎಷ್ಟೋ ಊರುಗಳಲ್ಲಿ ನಮ್ಮ ಹೆಣಗಳು ಮಲಗಿರುವುದೂ ಅಂಥ ಜಾಗದಲ್ಲೇ. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮಕ್ಕೆ ಸ್ಮಾರಕ ಐತಿ. ಇರಲಿ, ನಮ್ಮ ತಕರಾರಿಲ್ಲ. ಆದರೆ ಒಬ್ಬರ ಬೂದಿಗೆ ಅಷ್ಟು ಜಾಗ ಕೊಟ್ಟ ನಾಡಿನಲ್ಲಿ, ಕೇರಿಯವರು ಹೆಣ ಹೂಳಲು ಆರಡಿ ಕೇಳಿದರೆ ಸರ್ವೆ ನಂಬರು ಯಾವುದು ಅಂತಾರೆ. ಸ್ಮಶಾನ ಅಂತ ಕಾಗದದಲ್ಲಿ ಬರೆಯದೆ ಬಿಟ್ಟವರೇ ನಾಳೆ ಕಾಗದ ತೋರಿಸಿ, ಇಲ್ಲಿ ಏನೂ ಇಲ್ಲ, ಖಾಲಿ ಜಾಗ ಅನ್ನುತ್ತಾರೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ನೋಡಿ. ಕೆರೆಯಂಗಳದ ಜಾಲಿಮರಗಳಲ್ಲಿ ಸಾವಿರಾರು ಕೊಕ್ಕರೆ ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್ಸಾರ್ ಪಟ್ಟಿಗೆ ಸೇರಿ ಜಗತ್ತಿಗೆಲ್ಲ ಗೊತ್ತಾಯಿತು. ಸಂತೋಷ. ಯಾವ ಕೊಕ್ಕರೆಯನ್ನೂ ಯಾರೂ ನೀನು ಯಾವ ಕೇರಿ ಅಂತ ಕೇಳಲಿಲ್ಲ. ಬಂದವು, ಕೂತವು, ಮರಿ ಮಾಡಿದವು. ಮನುಷ್ಯರಿಗೆ ಅಷ್ಟು ಸಲೀಸಿಲ್ಲ.

ನಾನು ಹಾಸ್ಟೆಲಿನಲ್ಲಿದ್ದಾಗ ಒಂದು ಸಂಜೆ ಮೂವರು ಗೆಳೆಯರು ಒಂದು ಊರಿನ ಪಾರ್ಕಿಗೆ ಪುಸ್ತಕ ಹಿಡಿದು ಹೋದೆವು. ಹುಲ್ಲಿನ ಮೇಲೆ ಕೂತು ಹತ್ತು ನಿಮಿಷ ಆಗಿರಲಿಲ್ಲ. ಕಾವಲುಗಾರ ಬಂದ. “ಯಾವ ಹಾಸ್ಟೆಲ್ಲಿನವರಲೇ ನೀವು?” ಅಂದ. ಹೇಳಿದೆವು. “ಏಳ್ರಿ ಏಳ್ರಿ, ದೊಡ್ಡ ಮಂದಿ ವಾಕಿಂಗ್ ಬರೋ ಹೊತ್ತು” ಅಂದ. ಆತನೂ ನಮ್ಮವನೇ ಇದ್ದ. ಅದೇ ಹೆಚ್ಚು ಉರಿದದ್ದು. ನಮ್ಮವನ ಕೈಗೇ ಲಾಠಿ ಕೊಟ್ಟು ನಮ್ಮನ್ನು ಎಬ್ಬಿಸುವುದು ಇವರಿಗೆ ಚೆನ್ನಾಗಿ ಬರುತ್ತದೆ. ಆವತ್ತು ನಾವು ಸುಮ್ಮನೆ ಎದ್ದು ಬಂದೆವು. ಆ ಎದ್ದು ಬಂದದ್ದಕ್ಕೆ ಇವತ್ತಿಗೂ ನಾಚಿಕೆ ಐತಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಹೊಸ ಕತೆಯಲ್ಲ. ಸರ್ಕಾರದ ದುಡ್ಡಿನಲ್ಲಿ ಕಟ್ಟಿದ ಕೆರೆ, ಬಾವಿ, ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಅಂತ 1923ರಲ್ಲಿ ಮುಂಬಯಿ ಶಾಸನಸಭೆ ನಿರ್ಣಯ ಮಾಡಿತು. ಮಹಾಡಿನ ಪುರಸಭೆಯೂ ಚವದಾರ್ ಕೆರೆ ಎಲ್ಲರದು ಅಂತ ಬರೆದುಕೊಂಡಿತು. ಕಾಗದದ ಮೇಲೆ ಕೆರೆ ತೆರೆಯಿತು. ನೀರು ಮುಟ್ಟಲು ಮಾತ್ರ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ನೀರು ಕುಡಿದು ಬಂದವರಿಗೆ ಏಟು ಬಿತ್ತು. ಆ ಏಟಿನ ಪಾಠ ಸಂವಿಧಾನದ 15ನೇ ವಿಧಿಯಲ್ಲಿ ಐತಿ: ಸರ್ಕಾರದ ಹಣದಲ್ಲಿ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ ಯಾವುದಕ್ಕೂ ಜಾತಿಯ ಕಾರಣಕ್ಕೆ ತಡೆ ಇಲ್ಲ. ಪಾರ್ಕು ಅಂದರೆ ಸಾರ್ವಜನಿಕರು ಸೇರುವ ಜಾಗ. ಅಲ್ಲಿ ಕೂರುವುದು ಪುರಸಭೆ ಹಾಕುವ ಭಿಕ್ಷೆಯಲ್ಲ, ನಮ್ಮ ಹಕ್ಕು.

ಹಾಳುಬಿದ್ದ ಜಾಗ ಜನರ ಜಾಗ ಆಗುವುದಿಲ್ಲವೇ? ಆಗುತ್ತದೆ. ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು ನೋಡಿ. ಬ್ರಿಟಿಷರ ಕಾಲದ ಜೈಲು. ತುರ್ತುಪರಿಸ್ಥಿತಿಯಲ್ಲಿ ದೊಡ್ಡ ದೊಡ್ಡ ನಾಯಕರನ್ನು ಅಲ್ಲಿ ಕೂಡಿಹಾಕಿದ್ದರು. ನಟಿ ಸ್ನೇಹಲತಾ ರೆಡ್ಡಿ ಅಲ್ಲೇ ನರಳಿ, ಹೊರಗೆ ಬಂದ ಕೆಲವೇ ದಿನಕ್ಕೆ 1977ರಲ್ಲಿ ತೀರಿಕೊಂಡರು. ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದ ಮೇಲೆ ಸುಮಾರು 21 ಎಕರೆ ಖಾಲಿ ಬಿತ್ತು. ಊರ ನಡುವಿನ 21 ಎಕರೆ! ಬಿಲ್ಡರುಗಳ ಬಾಯಲ್ಲಿ ನೀರು ಬರುವಂಥ ಜಾಗ. ಅದನ್ನು ಮಾರಲಿಲ್ಲ. 2008ರಲ್ಲಿ ಅದು ಫ್ರೀಡಂ ಪಾರ್ಕ್ ಆಯಿತು. ಧರಣಿ ಕೂರಲು ಅದರಲ್ಲೇ ಒಂದು ಭಾಗ ಬಿಟ್ಟರು. ಅಂಗನವಾಡಿಯ ಅಕ್ಕಂದಿರು, ಪೌರಕಾರ್ಮಿಕರು, ರೈತರು, ನಮ್ಮ ಸಂಘಟನೆಗಳು ಅಲ್ಲಿ ಕೂತು ಕೂಗಿವೆ.

ಆದರೆ ಇನ್ನೊಂದು ಮಗ್ಗುಲೂ ಐತಿ. ಬೆಂಗಳೂರಿನಲ್ಲಿ ಧರಣಿಗೆ ಫ್ರೀಡಂ ಪಾರ್ಕ್ ಒಂದೇ ಜಾಗ ಅಂತ 2021ರ ಆದೇಶ ಬಂತು. 2022ರಲ್ಲಿ ಹೈಕೋರ್ಟೂ ಅದನ್ನು ಕಟ್ಟುನಿಟ್ಟಾಗಿ ಜಾರಿಮಾಡಿ ಅಂದಿತು. ಕೂಗಲು ಒಂದು ಜಾಗ ಕೊಟ್ಟವರೇ, ಇನ್ನೆಲ್ಲೂ ಕೂಗಬೇಡಿ ಅಂದರು. ಜೈಲು ಪಾರ್ಕಾಯಿತು ಅಂತ ಹಿಗ್ಗುವಷ್ಟರಲ್ಲಿ ಪಾರ್ಕಿಗೇ ಜೈಲಿನ ಗೋಡೆ ಮೊಳೆಯಿತು. ಬೀಗದ ಕೈ ಯಾರದು ಅಂತ ನಾನು ಮತ್ತೆ ಮತ್ತೆ ಕೇಳುವುದು ಇದಕ್ಕೇ.

ದುಡ್ಡಿನ ಮಾತಿಗೆ ಬರೋಣ. ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಪರಿಶಿಷ್ಟರಿಗೆ ಅಂತ ಶೇಕಡ 24.10ರ ನಿಧಿ ಐತಿ. ವಿಶೇಷ ಘಟಕ ಯೋಜನೆಗೆ 2013ರಲ್ಲಿ ಕಾಯಿದೆಯೇ ಬಂತು. ಆ ಕಾಯಿದೆಯಲ್ಲಿ 7(ಡಿ) ಅಂತ ಒಂದು ಕಿಂಡಿ ಇಟ್ಟಿದ್ದರು. ಎಲ್ಲರಿಗೂ ಆಗುವ ಕೆಲಸ ಮಾಡಿ, ಅದರ ಒಂದು ಪಾಲನ್ನು ನಮ್ಮ ಲೆಕ್ಕಕ್ಕೆ ಬರೆಯುವ ಕಿಂಡಿ. ಹೋರಾಟದ ಮೇಲೆ ಹೋರಾಟ ಮಾಡಿದ ಮೇಲೆ 2023ರಲ್ಲಿ ಅದನ್ನು ಕಿತ್ತರು. ಕಿಂಡಿ ಮುಚ್ಚಿತು, ಕೈಚಳಕ ಮರೆತಿಲ್ಲ. ನಮ್ಮ ದುಡ್ಡಿನಲ್ಲಿ ಹುಲ್ಲು ಹಾಸಿ, ಆ ಹುಲ್ಲಿನ ಮೇಲಿಂದ ನಮ್ಮನ್ನೇ ಎಬ್ಬಿಸುವುದಕ್ಕೆ ಬಿಡಬಾರದು.

ಹಾಗಾದರೆ ನಾವು ಕೇಳುವುದೇನು?

ಪಾರ್ಕು ಆಗಲಿ. ಆದರೆ ಮೊದಲು ಕೇರಿಯಲ್ಲಿ ಸಭೆ ಕೂಡಲಿ. ಆ ಜಾಗದಲ್ಲಿ ಯಾರ ಆಡು ಮೇಯುತ್ತವೆ, ಯಾರ ಗುಡಿಸಲು ಐತಿ, ಯಾರ ಹಿರಿಯರ ಗೋರಿ ಐತಿ, ಎಲ್ಲ ಬರೆದುಕೊಳ್ಳಲಿ. ಸ್ಮಶಾನಕ್ಕೆ ಮೊದಲು ಸರ್ವೆ ನಂಬರು, ಆಮೇಲೆ ಗುಲಾಬಿ ಗಿಡ. ಒಂದು ಗುಡಿಸಲು ಎತ್ತಿದರೆ ಮೊದಲು ಒಂದು ಮನೆ, ಆಮೇಲೆ ಕಾರಂಜಿ. ಟಿಕೆಟ್ಟು ಬೇಡ. ಕೂಲಿ ಮುಗಿಸಿ ಬರುವವರಿಗೆ ಬಿಡುವಾಗುವುದೇ ರಾತ್ರಿ. ಸಂಜೆ ಆರಕ್ಕೆ ಬೀಗ ಜಡಿಯುವ ಪಾರ್ಕು ವಾಕಿಂಗಿನವರ ಪಾರ್ಕು, ನಮ್ಮದಲ್ಲ. ನಲ್ಲಿ, ಕಕ್ಕಸು, ದೀಪ, ಓದುವ ಕೋಣೆ ಇರಲಿ. ಕಸ ಗುಡಿಸುವ ಕೆಲಸ ಮಾತ್ರ ಕೇರಿಯ ಹೆಣ್ಣುಮಕ್ಕಳಿಗೆ ಮೀಸಲಾಗುವುದು ಬೇಡ. ಪಾರ್ಕಿನ ಸಮಿತಿಯಲ್ಲೂ ಅವರೇ ಕೂರಲಿ.

ಇದೆಲ್ಲ ತಾನಾಗಿ ಬರುವುದಿಲ್ಲ. ಹಾಸ್ಟೆಲ್ ಗೆಳೆಯರೆ, ಕೆಲಸ ನಿಮ್ಮದು. ಹತ್ತು ರೂಪಾಯಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ನಿಮ್ಮ ಊರಿನ ಖರಾಬು ಜಾಗಗಳ ಪಟ್ಟಿ ಕೇಳಿ. ಶೇಕಡ 24.10ರ ದುಡ್ಡು ಯಾವ ಕೆಲಸಕ್ಕೆ ಹೋಯಿತು ಅಂತ ಕೇಳಿ. ಪಾರ್ಕಿಗೆ ಬಿಟ್ಟ ಜಾಗ ಯಾರಾದರೂ ನುಂಗಿದ್ದರೆ ಅದನ್ನೂ ಕೇಳಿ. ಪಾರ್ಕಿನ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟದ್ದು ತಪ್ಪು ಅಂತ ಬೆಂಗಳೂರಿನ ಮುದ್ದಪ್ಪ ಕೇಸಿನಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿಬಿಟ್ಟಿದೆ. ಆ ಮಾತು ಬೆಂಗಳೂರಿಗೊಂದು, ಹಡಗಲಿಗೊಂದು ಅಲ್ಲ.

ಕೊನೆಗೆ ಒಂದು ಸಣ್ಣ ಕೆಲಸ. ಮುಂದಿನ ಭಾನುವಾರ ಸಂಜೆ ನಿಮ್ಮ ಊರಿನ ಪಾರ್ಕಿಗೆ ಹತ್ತು ಮಂದಿ ಒಟ್ಟಿಗೆ ಹೋಗಿ. ಹುಲ್ಲಿನ ಮೇಲೆ ಕೂತು ಪುಸ್ತಕ ಬಿಚ್ಚಿ. ಯಾವ ಕೇರಿ ಅಂತ ಯಾರಾದರೂ ಕೇಳಿದರೆ ಹೆಸರು ಹೇಳಿ, ಕೇರಿಯ ಹೆಸರೂ ಹೇಳಿ, ಗಟ್ಟಿಯಾಗಿ ಹೇಳಿ. ಮೂವರು ಎದ್ದು ಬಂದ ತಪ್ಪನ್ನು ಹತ್ತು ಮಂದಿ ಮಾಡಬೇಡಿ.

ಏಳಬೇಡಿ.

ಜೈ ಭೀಮ್.