ಅಕ್ಕನ ಹುಲಿ

ಅಕ್ಕ ತೀರಿಕೊಂಡು ವರ್ಷವಾಗುತ್ತ ಬಂತು. ಅವಳು ಮಕ್ಕಳಿಗೆ ಪುಣ್ಯಕೋಟಿಯ ಕಥೆ ಹೇಳುತ್ತಿರುವ ಆರು ನಿಮಿಷದ ವಿಡಿಯೋ ನನ್ನ ಮೊಬೈಲಿನಲ್ಲಿದೆ. ವರ್ಷದ ತಿಥಿಗೆ ಬರುವ ನೆಂಟರಿಗೆ ತೋರಿಸಬೇಕೆಂದು ಆಸೆ. ಆದರೆ ಅದರಲ್ಲಿ ಅಕ್ಕನಿಗಿಂತ ಫ್ಯಾನಿನ ಸದ್ದೇ ಜೋರು. ನಡುವೆ ಕುಕ್ಕರ್ ಬೇರೆ ಕೂಗುತ್ತದೆ.

"ಕೊಡು ತಾತ, ಸರಿ ಮಾಡ್ತೀನಿ" ಎಂದು ಮೊಮ್ಮಗಳು ಕಂಪ್ಯೂಟರಿನಲ್ಲಿ ಡಾವಿಂಚಿ ರಿಸಾಲ್ವ್ ತೆರೆದಳು. ವಿಡಿಯೋ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಅದು. ಅದರಲ್ಲಿ ಧ್ವನಿಗೆಂದೇ ಬೇರೆ ಪುಟವಿದೆ, ಹೆಸರು ಫೇರ್‌ಲೈಟ್. 1975ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಇಬ್ಬರು ಗೆಳೆಯರು ಶುರುಮಾಡಿದ ಕಂಪನಿಯ ಹೆಸರು ಅದು. ಒಬ್ಬನ ಅಜ್ಜಿಯ ಮನೆ ಮುಂದೆ ಹಾದುಹೋಗುತ್ತಿದ್ದ ದೋಣಿಯ ಹೆಸರನ್ನೇ ಇಟ್ಟರಂತೆ!

ಪರದೆಯ ಮೇಲೆ ಅಕ್ಕನ ಮಾತು ಗುಡ್ಡಗಳ ಸಾಲಿನ ಹಾಗೆ ಕಂಡಿತು. ಅವಳು ಉಸಿರೆಳೆಯಲು ನಿಲ್ಲಿಸಿದ ಕಡೆ ಉಳಿಯುವುದು ಬರೀ ಫ್ಯಾನು. ಆ ತುಣುಕನ್ನು ಸಾಫ್ಟ್‌ವೇರಿಗೆ ತೋರಿಸಿ, "ಇದು ಬೇಡದ ಸದ್ದು, ಕಲಿತುಕೋ" ಎನ್ನಬೇಕು. ಆಮೇಲೆ ಅದೇ ಬಗೆಯ ಸದ್ದನ್ನು ಉದ್ದಕ್ಕೂ ತಗ್ಗಿಸುತ್ತದೆ.

ಮೊಮ್ಮಗಳು ಪೂರ್ತಿ ತಗ್ಗಿಸಿದಳು. ಫ್ಯಾನು ಮಾಯ! ಆದರೆ ಅಕ್ಕ ನೀರಿನೊಳಗಿಂದ ಮಾತಾಡಿದ ಹಾಗಿತ್ತು. "ಉಲಿ ಬಂತು" ಎಂದಳು.

ನನಗೆ ಎದೆ ಧಸಕ್ಕೆಂದಿತು. ಚಿಕ್ಕಂದಿನಲ್ಲಿ ನಾನು "ಉಲಿ" ಎಂದರೆ ತಲೆಗೆ ಮೊಟಕಿ, "ಹುಲಿ ಅನ್ನು" ಎನ್ನುತ್ತಿದ್ದವಳು ಅವಳೇ. ಜನ್ಮದಲ್ಲಿ ಹಕಾರ ನುಂಗಿದವಳಲ್ಲ.

ಮಕ್ಕಳೇ, ಬಾಯಿಯ ಮುಂದೆ ಅಂಗೈ ಹಿಡಿದು "ಹ" ಎನ್ನಿ. ತಾಕುವುದು ಬರೀ ಉಸಿರು. ಫ್ಯಾನಿನ ಗಾಳಿಸದ್ದಿಗೂ ಅದಕ್ಕೂ ಸಾಫ್ಟ್‌ವೇರಿಗೆ ಹೆಚ್ಚು ಭೇದ ಕಾಣದು. ಫ್ಯಾನಿನ ಜತೆ ಅಕ್ಕನ ಹಕಾರವನ್ನೂ ಗುಡಿಸಿಬಿಟ್ಟಿತ್ತು.

"ಹಾಳಾಯ್ತಲ್ಲೇ!" ಎಂದೆ. "ಇಲ್ಲ ತಾತ, ಮೂಲ ಫೈಲನ್ನು ಇದು ಮುಟ್ಟೋದೇ ಇಲ್ಲ. ಏನೇನು ಮಾಡಬೇಕು ಅಂತ ಬೇರೆ ಕಡೆ ಬರೆದಿಟ್ಟುಕೊಳ್ಳುತ್ತೆ, ಅಷ್ಟೇ" ಎಂದಳು. ನೆಮ್ಮದಿಯಾಯಿತು. ಬ್ಯಾಂಕಿನಲ್ಲಿ ನಾವೂ ಲೆಡ್ಜರಿನ ತಪ್ಪು ಅಂಕಿಯನ್ನು ಅಳಿಸುವ ಹಾಗಿರಲಿಲ್ಲ. ಓದಲು ಬರುವಂತೆ ಒಂದು ಗೆರೆ ಎಳೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಿಸಬೇಕಿತ್ತು.

ಆಮೇಲೆ ಸ್ವಲ್ಪಸ್ವಲ್ಪವೇ ಹಿಂದಕ್ಕೆ ಬಂದೆವು. ಪ್ರತಿ ಸಲವೂ ನಾನು ಕಣ್ಣು ಮುಚ್ಚಿ "ಹುಲಿ"ಗಾಗಿ ಕಾಯುವುದು. ಅರ್ಧಕ್ಕಿಂತ ಕೆಳಗೆ ಬಂದಾಗ ಹಕಾರ ಸಿಕ್ಕಿತು.

ಕುಕ್ಕರಿನದು ಬೇರೆ ಲೆಕ್ಕ. ಅದು ಒಂದೇ ಸಮನೆ ಬರುವ ಸದ್ದಲ್ಲ, ಹಾಗಾಗಿ ಕಲಿಸಿ ಪ್ರಯೋಜನವಿಲ್ಲ. ಕೂಗುವ ಜಾಗದಲ್ಲಿ ಮಾತ್ರ ವಾಲ್ಯೂಮಿನ ಗೆರೆಯನ್ನು ಕೆಳಗೆಳೆಯಬೇಕು. ಮೊಮ್ಮಗಳು ಪೂರ್ತಿ ಎಳೆದಳು. ಆದರೆ ಅಕ್ಕ ಕಥೆ ನಿಲ್ಲಿಸಿ, ಅಡಿಗೆಮನೆ ಕಡೆ ತಿರುಗಿ, "ಎರಡಾಯ್ತು, ಇನ್ನೊಂದು ಕೂಗಲಿ" ಎನ್ನುತ್ತಾಳಲ್ಲ! ಕೂಗೇ ಇಲ್ಲದಿದ್ದರೆ ಏನು ಎರಡಾಯ್ತು? ಅರ್ಧ ಎತ್ತಿಸಿದೆ.

ತಿಥಿಯ ದಿನ ಊಟವಾದ ಮೇಲೆ ಟೀವಿಗೆ ಹಾಕುತ್ತೇವೆ. ಫ್ಯಾನು ಸ್ವಲ್ಪ ಕೇಳುತ್ತದೆ.