ತಾಲೂಕ್ದಾರರ ಕುರ್ಚಿ ಇನ್ನೂ ಹಾಗೇ ಇದೆ

ಕಮಲಾಪುರದ ಕಡೆಯಿಂದ ಕಲಬುರಗಿಗೆ ಹೋಗುವ ನಮ್ಮ ಮಂದಿಗೆ ಸ್ಟೇಶನ್ ಬಜಾರದಲ್ಲಿ ಇರುವುದು ಎರಡೇ ಕೆಲಸ. ದುಡಿಯಲು ಮುಂಬೈ, ಪುಣೆಗೆ ಹೊರಟವರನ್ನು ರೈಲು ಹತ್ತಿಸುವುದು, ಇಲ್ಲವೇ ಹಬ್ಬಕ್ಕೆ ಬಂದವರನ್ನು ಇಳಿಸಿಕೊಂಡು ಬರುವುದು. ಹೋದ ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬನ ಕುಟುಂಬವನ್ನು ಕಳಿಸಲು ಹೋದಾಗ ನಾವು ಗಟಾರದ ನೀರಿನಲ್ಲಿ ಪಾದ ಮುಳುಗಿಸಿಕೊಂಡು ಅರ್ಧ ಗಂಟೆ ನಿಂತಿದ್ದೆವು. ಚೀಲಗಳನ್ನು ತಲೆಯ ಮೇಲೆ ಇಟ್ಟುಕೊಂಡು ನಿಂತಿದ್ದ ಗೆಳೆಯನ ತಂದೆ, “ಈ ಗಟಾರ ನಿಜಾಮನ ಕಾಲದಾಗೂ ಹಿಂಗೇ ಇತ್ತೇನೋ ತಮ್ಮಾ” ಅಂದರು. ನಗೆಮಾತಾಗಿಯೇ ಅಂದದ್ದು. ನಮಗೆ ಮಾತ್ರ ಅದು ತಲೆಯೊಳಗೆ ಕೂತುಬಿಟ್ಟಿತು. ನೂರು, ನೂರಿಪ್ಪತ್ತು ವರ್ಷದ ಹಿಂದೆ ಈ ಗಟಾರ ಯಾರ ಜವಾಬ್ದಾರಿಯಾಗಿತ್ತು? ತುಂಬಿದರೆ ಜನ ಯಾರ ಹತ್ತಿರ ಹೋಗಿ ಜಗಳ ಮಾಡುತ್ತಿದ್ದರು?

ನೇರ ಉತ್ತರ ಹೇಳಿಬಿಡುತ್ತೇವೆ. ಜಗಳ ಮಾಡಲು ಯಾರೂ ಇರಲಿಲ್ಲ. ಅರ್ಜಿ ಹಾಕಬಹುದಿತ್ತು, ಅಷ್ಟೇ.

1901ರ ಜನಗಣತಿಯ ಪ್ರಕಾರ ಗುಲ್ಬರ್ಗಾ ಪಟ್ಟಣದ ಜನಸಂಖ್ಯೆ 29,228. ಈಗಿನ ಕಲಬುರಗಿಯ ಒಂದೆರಡು ದೊಡ್ಡ ಬಡಾವಣೆಯಷ್ಟು. ಆದರೆ ಹುದ್ದೆಗಳು ಮಾತ್ರ ದೊಡ್ಡವು. ಹೈದರಾಬಾದ್ ಸಂಸ್ಥಾನದ ಒಂದು ಸುಭೆಗೆ ಇದೇ ಕೇಂದ್ರವಾದ್ದರಿಂದ ಸುಭೇದಾರರು ಇಲ್ಲೇ, ಜಿಲ್ಲೆ ನೋಡಿಕೊಳ್ಳುವ ಅವ್ವಲ್ ತಾಲೂಕ್ದಾರರೂ ಇಲ್ಲೇ. ಈಗಿನ ಜಿಲ್ಲಾಧಿಕಾರಿಯ ಜಾಗದಲ್ಲಿ ಆಗ ಅವ್ವಲ್ ತಾಲೂಕ್ದಾರ. ಕಂದಾಯ ಅವರದೇ, ಜಿಲ್ಲಾ ಬೋರ್ಡಿನ ಅಧ್ಯಕ್ಷತೆಯೂ ಅವರದೇ, ಪಟ್ಟಣದ ಸಫಾಯಿಯ ಮೇಲೂ ಅವರದೇ ಕಣ್ಣು. ಸಮಿತಿ ಅಂತ ಇರುತ್ತಿತ್ತು, ಅದರಲ್ಲಿ ಅಧಿಕಾರಿಗಳು ಕೂರುತ್ತಿದ್ದರು, ಜತೆಗೆ ಸರಕಾರ ಆರಿಸಿದ ಊರ ದೊಡ್ಡವರು. ಬಲ್ದಿಯಾ ಎಂಬ ಉರ್ದು ಹೆಸರಿನ ಈ ವ್ಯವಸ್ಥೆಯಲ್ಲಿ ಸ್ಟೇಶನ್ ಬಜಾರದ ಟಾಂಗಾವಾಲಾನಿಗೆ, ಎಂ.ಎಸ್.ಕೆ. ಮಿಲ್ಲಿನ ಕೂಲಿಗೆ, ಸಂತೆಗೆ ಬರುವ ನಮ್ಮ ಹಿರಿಯರಿಗೆ ಕೈ ಎತ್ತುವ ಅವಕಾಶ ಇರಲಿಲ್ಲ.

ಹಳ್ಳಿಯವರು ದುಡ್ಡು ಕೊಡುತ್ತಿದ್ದರೇ ಎಂದು ಕೇಳಿದರೆ, ಕೊಡುತ್ತಿದ್ದರು. ಭೂಕಂದಾಯದ ಪ್ರತಿ ರೂಪಾಯಿಗೆ 1 ಆಣೆ ಲೋಕಲ್ ಸೆಸ್ ವಸೂಲಾಗುತ್ತಿತ್ತು. 16 ರೂಪಾಯಿ ಮಹಸೂಲು ಕಟ್ಟುವ ರೈತ ಇನ್ನೊಂದು ರೂಪಾಯಿ ಸೇರಿಸಿ ಕಟ್ಟಬೇಕು. ರಸ್ತೆ, ಶಾಲೆ, ದವಾಖಾನೆಗಳಿಗೆ ಎಂದು ಎತ್ತಿದ ಹಣ ಅದು. ಎಲ್ಲಿ ಖರ್ಚಾಯಿತು ಎಂದು ತಾಲೂಕ್ದಾರರನ್ನು ಕೇಳುವ ಧೈರ್ಯ ಕಮಲಾಪುರದ ರೈತನಿಗೆ ಎಲ್ಲಿಂದ ಬರಬೇಕು? ಲೆಕ್ಕ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ, ಹಣ ಹಾಲಿ ಸಿಕ್ಕಾದಲ್ಲಿ. 1318 ಫಸಲಿ ಎಂದರೆ 1908-09 ಎಂದು ಬಿಡಿಸಿ ಹೇಳುವವರು ಆಗಲೂ ಊರಿಗೊಬ್ಬರು ಇದ್ದರೆ ಹೆಚ್ಚು.

ಆ ಕಾಲದ ಪುರಸಭೆ ಅಂದರೆ ಏನು ಮಾಡುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಜಕೀಯದ ದೊಡ್ಡ ದೊಡ್ಡ ಮಾತು ಅಲ್ಲಿ ಸಿಗುವುದಿಲ್ಲ. ಸಿಗುವುದು ಕಂದೀಲು. ಬೀದಿಯಲ್ಲಿ ಎಷ್ಟು ಕಂದೀಲು ಇರಬೇಕು, ಒಂದಕ್ಕೆ ರಾತ್ರಿಗೆ ಎಷ್ಟು ಸೀಮೆಎಣ್ಣೆ, ಹಚ್ಚುವವನಿಗೆ ಏಣಿ ಯಾರು ಕೊಡಬೇಕು. ಬೆಳದಿಂಗಳ ರಾತ್ರಿ ದೀಪ ಹಚ್ಚಬೇಡಿ, ಎಣ್ಣೆ ಉಳಿಯುತ್ತದೆ ಎಂಬ ಕಟ್ಟಳೆ ಅನೇಕ ಊರುಗಳಲ್ಲಿ ಇತ್ತು. ಮೋಡ ಕವಿದ ಹುಣ್ಣಿಮೆಯ ದಿನ ಬೀದಿಯಲ್ಲಿ ಎಡವಿದವನ ಗತಿ ಏನೋ! ಬೆಂಗಳೂರಿಗೆ 1905ರಲ್ಲೇ ಶಿವನಸಮುದ್ರದ ವಿದ್ಯುತ್ ಬಂದು ಬೀದಿದೀಪ ಹತ್ತಿದವು. ಮಿಕ್ಕ ಊರುಗಳು ಎಣ್ಣೆ ಲೆಕ್ಕ ಹಾಕುತ್ತಲೇ ಇದ್ದವು.

ದೀಪ ಆದ ಮೇಲೆ ನೀರು. ಬಾವಿಗೆ ಕಟ್ಟೆ ಕಟ್ಟಿಸುವುದು, ಹೂಳು ತೆಗೆಸುವುದು, ಬಟ್ಟೆ ಒಗೆಯುವವರನ್ನು ಕುಡಿಯುವ ನೀರಿನಿಂದ ದೂರ ಇಡುವುದು. ಆಮೇಲೆ ಕೊಂಡವಾಡ, ಬಿಡಾಡಿ ದನಗಳ ದಂಡ. ಸಂತೆಯ ಜಾಗದ ಬಾಡಿಗೆ. ಹುಟ್ಟು ಸಾವಿನ ಪಟ್ಟಿ. ರಸ್ತೆಗೆ ಚಾಚಿದ ಅಂಗಡಿಯ ಕಟ್ಟೆ ಒಡೆಸುವುದೋ ದಂಡ ಹಾಕಿ ಬಿಡುವುದೋ ಎಂಬ ಚರ್ಚೆ. ಈ ಕೊನೆಯದು ಎಲ್ಲ ಊರಲ್ಲೂ ಇತ್ತು, ಈಗಲೂ ಇದೆ, ನಿರ್ಣಯವೂ ಬಹುಶಃ ಅದೇ ಆಗುತ್ತಿದೆ.

ಇವೆಲ್ಲಕ್ಕಿಂತ ದೊಡ್ಡ ಖರ್ಚಿನ, ದೊಡ್ಡ ಕೆಲಸದ ಬಾಬತ್ತು ಮಲ ಸಾಗಿಸುವುದು. ಒಳಚರಂಡಿ ಇಲ್ಲದ ಊರಲ್ಲಿ ಸಾವಿರಾರು ಮನೆಗಳ ಹೊಲಸನ್ನು ದಿನಾ ಬೆಳಗಾಗುವುದರೊಳಗೆ ಊರ ಹೊರಗೆ ಹಾಕಬೇಕಿತ್ತು. ಗಾಡಿ, ಎತ್ತು, ಬುಟ್ಟಿ, ಬಕೆಟ್ಟುಗಳಿಗೆ ಲೆಕ್ಕ ಬರೆಯುತ್ತಿದ್ದರು. ಹೊತ್ತವರ ಹೆಸರನ್ನು ಮಾತ್ರ ಕೆಲಸಕ್ಕೆ ಬರದಿದ್ದ ದಿನ ದಂಡ ಹಾಕಲು ಬರೆಯುತ್ತಿದ್ದರು. ಆ ಬುಟ್ಟಿ ಯಾರ ತಲೆಯ ಮೇಲೆ ಬಂತು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಬರಬೇಕಾಯಿತು. ದೇಶಕ್ಕೆ ಕಾನೂನು ಬಂದದ್ದು 1993ರಲ್ಲಿ, ಅದು ಸಾಲದೆ 2013ರಲ್ಲಿ ಮತ್ತೊಂದು. ಹಳೆಯ ಪುರಸಭೆಗಳ ಬಗ್ಗೆ ‘ಆಗ ಊರು ಎಷ್ಟು ಸ್ವಚ್ಛ ಇತ್ತು’ ಎಂದು ಹೊಗಳುವವರನ್ನು ಕಂಡರೆ ನಮಗೆ ಸಿಟ್ಟು ಬರುವುದು ಇದಕ್ಕೇ.

ಸ್ಟೇಶನ್ ಬಜಾರಕ್ಕೆ ಇನ್ನೊಂದು ವಿಶೇಷ ಇತ್ತು. 1871ರಲ್ಲಿ ರಾಯಚೂರಿನಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ಕೂಡಿದ ಮೇಲೆ ಗುಲ್ಬರ್ಗಾ ದೊಡ್ಡ ಹಾದಿಯ ಮೇಲಿನ ಊರಾಯಿತು. ಆದರೆ ರೈಲು ಹಳಿ, ನಿಲ್ದಾಣ ಇದ್ದ ಜಾಗದಲ್ಲಿ ಬ್ರಿಟಿಷರ ಅಧಿಕಾರ ನಡೆಯುತ್ತಿತ್ತು. ನಿಲ್ದಾಣದ ಗೇಟು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ನಿಜಾಮರ ಸರಕಾರ. ಒಳಗೆ ಕಲ್ದಾರ್ ರೂಪಾಯಿಯ ಸರಕಾರ, ಹೊರಗೆ ಹಾಲಿ ಸಿಕ್ಕಾದ ಸರಕಾರ. ಹೊರಗಿನಿಂದ ಬಂದ ಮಾಲಿಗೆ ಸುಂಕ ಹಿಡಿಯುವ ಕರೋಡಗಿರಿ ಇಲಾಖೆಯವರು ಬೇರೆ. ಗಟಾರದ ನೀರಿಗೆ ಇದೆಲ್ಲ ತಿಳಿಯುವುದಿಲ್ಲವಲ್ಲ, ಅದು ಇಳಿಜಾರು ನೋಡಿಕೊಂಡು ಹರಿಯುತ್ತದೆ. ಈಗ ಬ್ರಿಟಿಷರೂ ಇಲ್ಲ, ನಿಜಾಮರೂ ಇಲ್ಲ. ಆದರೂ ಅಲ್ಲಿ ನಿಂತು ಕೇಳಿ ನೋಡಿ, ಅದು ರೈಲ್ವೆಯವರ ಜಾಗರೀ ಎಂದು ಒಬ್ಬರು, ಅದು ಪಾಲಿಕೆದು ಎಂದು ಇನ್ನೊಬ್ಬರು ಹೇಳುತ್ತಾರೆ.

ಪ್ಲೇಗು ಬಂದದ್ದೂ ಇದೇ ಹಳಿಗುಂಟ. 1896ರಲ್ಲಿ ಮುಂಬೈಯಲ್ಲಿ ಕಾಣಿಸಿಕೊಂಡ ರೋಗ 1898ಕ್ಕೆ ಬೆಂಗಳೂರು ಮುಟ್ಟಿತ್ತು. ರೈಲು ಇಳಿದವರ ತಪಾಸಣೆ, ಮನೆ ಖಾಲಿ ಮಾಡಿಸಿ ಊರಾಚೆ ಗುಡಿಸಲು ಹಾಕಿಸುವುದು, ಹೆಂಚು ತೆಗೆಸಿ ಒಳಗೆ ಬಿಸಿಲು ಬೀಳಿಸುವುದು, ಸುಣ್ಣ ಬಳಿಸುವುದು, ಇಲಿ ಹಿಡಿಸುವುದು, ಹೀಗೆ ಪುರಸಭೆಗಳಿಗೆ ಕೈತುಂಬ ಕೆಲಸ. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಆ ಭಯದಲ್ಲೇ ಹುಟ್ಟಿದವು. ಕೋವಿಡ್ ಕಾಲದಲ್ಲಿ ಮುಂಬೈಯಿಂದ ಬಂದ ನಮ್ಮವರನ್ನೇ ಊರ ಶಾಲೆಯಲ್ಲಿ ಕೂಡಿಹಾಕಿದ್ದನ್ನು ಕಂಡ ನಮಗೆ ಅಂದಿನ ಚಿತ್ರ ಕಲ್ಪಿಸಿಕೊಳ್ಳುವುದು ಕಷ್ಟವಲ್ಲ.

ಅದೇ ಹೊತ್ತಿಗೆ ಗಡಿಯ ಆಚೆ ಧಾರವಾಡವನ್ನು ನೋಡಿ. 1901ರಲ್ಲಿ ಅಲ್ಲಿಯ ಜನಸಂಖ್ಯೆ 31,279. ಹೆಚ್ಚುಕಡಿಮೆ ಗುಲ್ಬರ್ಗಾದಷ್ಟೇ ಊರು, ಅದೇ ಕನ್ನಡ ಮಂದಿ. ಆದರೆ ಅದು ಮುಂಬೈ ಇಲಾಖೆಗೆ ಸೇರಿತ್ತು. 1882ರಲ್ಲಿ ರಿಪ್ಪನ್ ತಂದ ಸ್ಥಳೀಯ ಸ್ವಯಮಾಡಳಿತದ ನಿರ್ಣಯ, ಆಮೇಲೆ 1901ರ ಮುಂಬೈ ಜಿಲ್ಲಾ ಮುನಿಸಿಪಲ್ ಕಾಯಿದೆ ಇವುಗಳಿಂದಾಗಿ ಅಲ್ಲಿ, ಹುಬ್ಬಳ್ಳಿಯಲ್ಲಿ ಆರಿಸಿ ಬಂದ ಸದಸ್ಯರು ಕೂರುತ್ತಿದ್ದರು. ವಕೀಲರು, ವ್ಯಾಪಾರಿಗಳು ಗಟಾರದ ಬಗ್ಗೆಯೇ ಭಾಷಣ ಮಾಡಿ ಭಾಷಣ ಕಲಿತರು. ಮೈಸೂರು ಸೀಮೆಯ ಬೆಂಗಳೂರಿನಲ್ಲೂ ಕೆ.ಪಿ. ಪುಟ್ಟಣ್ಣ ಚೆಟ್ಟಿ ಅವರಂಥವರು ನಗರ ಪುರಸಭೆಯ ಅಧ್ಯಕ್ಷರಾಗಿ ಹೆಸರು ಮಾಡಿದರು. ಅಲ್ಲಿಯ ಪುರಭವನಕ್ಕೆ ಈಗಲೂ ಅವರದೇ ಹೆಸರು.

ಅಲ್ಲಿ ಸ್ವರ್ಗ ಇತ್ತು ಅಂತ ನಾವು ಹೇಳುತ್ತಿಲ್ಲ. ಓಟು ಇದ್ದದ್ದು ಇಂತಿಷ್ಟು ತೆರಿಗೆ ಕಟ್ಟುವ ಗಂಡಸರಿಗೆ. ಮಲ ಹೊರುವವರಿಗೆ ಅಲ್ಲೂ ಓಟು ಇರಲಿಲ್ಲ, ಅಲ್ಲೂ ಬುಟ್ಟಿ ಅದೇ. ಆದರೆ ಒಂದು ವ್ಯತ್ಯಾಸ ಇತ್ತು. ಧಾರವಾಡದಲ್ಲಿ ದೀಪ ಹತ್ತದಿದ್ದರೆ ಮರುದಿನ ಪೇಟೆಯಲ್ಲಿ ಹಿಡಿದು ಕೇಳಲು ಒಬ್ಬ ಮೆಂಬರ ಇದ್ದ. ಗುಲ್ಬರ್ಗಾದಲ್ಲಿ ಇದ್ದದ್ದು ತಾಲೂಕ್ದಾರರು. ಅವರ ಕಚೇರಿಯ ಬಾಗಿಲಲ್ಲಿ ಜವಾನ.

1948ರಲ್ಲಿ ಆ ಕುರ್ಚಿಯ ಕಾಲ ಮುಗಿಯಿತು ಎಂದೇ ಎಲ್ಲರೂ ತಿಳಿದಿದ್ದೇವೆ. ನಮಗೆ ಅನುಮಾನ.

2021ರ ಸೆಪ್ಟೆಂಬರ್‌ನಲ್ಲಿ ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ಚುನಾವಣೆ ಆಯಿತು. ಹಿಂದಿನ ಸದಸ್ಯರ ಅವಧಿ ಮುಗಿದು ಎರಡು ವರ್ಷ ದಾಟಿದ ಮೇಲೆ ನಡೆದ ಚುನಾವಣೆ ಅದು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಯಾರಿಗೂ ಪೂರ್ಣ ಬಹುಮತ ಇಲ್ಲ. ಮೇಯರ್ ಆಯ್ಕೆ ಆಗಿದ್ದು 2023ರ ಮಾರ್ಚ್‌ನಲ್ಲಿ! ಓಟು ಹಾಕಿದ ಶಾಯಿ ಅಳಿಸಿ ಒಂದೂವರೆ ವರ್ಷ ಆದ ಮೇಲೆ. ಅಲ್ಲಿಯ ತನಕ 5 ಲಕ್ಷ ಮೀರಿದ ಊರಿನ ದೀಪ, ನೀರು, ಗಟಾರ ಎಲ್ಲ ಅಧಿಕಾರಿಗಳ ಕೈಯಲ್ಲಿ.

ನಗರದ ಮಾತು ನಮಗೇಕೆ ಅನ್ನುವವರಿಗೆ ಹಳ್ಳಿಯ ಮಾತೂ ಇದೆ. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ಕೋರ್ಟು ಎನ್ನುತ್ತ ವರ್ಷಗಳೇ ಉರುಳಿದವು. ಆ ಕುರ್ಚಿಗಳಲ್ಲಿ ಆಡಳಿತಾಧಿಕಾರಿ ಎಂಬ ಹೆಸರಿನಲ್ಲಿ ಅಧಿಕಾರಿಗಳು ಕೂತರು. 1908ರಲ್ಲಿ ತಾಲೂಕ್ದಾರರು ಜಿಲ್ಲಾ ಬೋರ್ಡಿನ ಅಧ್ಯಕ್ಷರಾಗಿದ್ದದ್ದಕ್ಕೂ ಇದಕ್ಕೂ ಇರುವ ಅಂತರ ಏನು, ಯಾರಾದರೂ ತಿಳಿಸಿ.

“ಅಧಿಕಾರಿನೇ ಛಲೋ ಬಿಡ್ರಿ, ಆರಿಸಿ ಬಂದವರು ಬರೀ ಗುದ್ದಾಡ್ತಾರ” ಎಂಬ ಮಾತು ನಮ್ಮ ಊರ ಕಟ್ಟೆಯ ಮೇಲೂ ಕೇಳುತ್ತದೆ. ಪೂರ್ತಿ ಸುಳ್ಳಲ್ಲ. ಗಟಾರಕ್ಕೆ ಇಟ್ಟ ದುಡ್ಡಿನಲ್ಲಿ ಕಮಾನು ಕಟ್ಟಿಸಿ ತಮ್ಮ ಹೆಸರು ಕೆತ್ತಿಸಿಕೊಂಡ ಮೆಂಬರರನ್ನು ನಾವೂ ಕಂಡಿದ್ದೇವೆ. ಆದರೆ ಅಧಿಕಾರಿ ಎಷ್ಟೇ ಒಳ್ಳೆಯವರಿರಲಿ, ಅವರ ಮನೆ ಮುಂದೆ ನಮ್ಮ ಗಟಾರ ಹರಿಯುವುದಿಲ್ಲ. ವರ್ಗಾವಣೆಯ ಆದೇಶ ಬಂದ ದಿನ ಅವರಿಗೆ ನಮ್ಮ ಬೀದಿಯ ಹೆಸರು ನೆನಪಿರಬೇಕಾದ ಅಗತ್ಯವೂ ಇಲ್ಲ. ಕಂದೀಲಿನ ಎಣ್ಣೆಯಷ್ಟು ಸಣ್ಣ ಕೆಲಸ ಇದ್ದಾಗಲೇ ಮಾಡುವವನು ಹತ್ತಿರ ಇರಬೇಕು.

ಹತ್ತಿರ ಇದ್ದರೂ ಕೇಳದಿದ್ದರೆ? ಇಲ್ಲಿ ನಮ್ಮ ತಪ್ಪೂ ಇದೆ. ಗ್ರಾಮ ಪಂಚಾಯಿತಿಯಲ್ಲಿ ನಡವಳಿ ಪುಸ್ತಕ ಅಂತ ಒಂದು ಇರುತ್ತದೆ. ಯಾವ ಓಣಿಗೆ ಸಿಸಿ ರಸ್ತೆ, ಯಾವ ಬೋರಿಗೆ ಮೋಟರ್, ಬೀದಿದೀಪಕ್ಕೆ ಎಷ್ಟು, ಎಲ್ಲ ಅದರಲ್ಲಿ ನಿರ್ಣಯವಾಗಿ ಬರೆದಿರಬೇಕು. ನಾವು ಒಂದು ಪಂಚಾಯಿತಿಗೆ ಹೋಗಿ ಆ ಪುಸ್ತಕ ನೋಡಬೇಕು ಅಂದೆವು. ಅಲ್ಲಿಯವರು ಮೇಲಿಂದ ಕೆಳಗೆ ನೋಡಿ, “ಯಾಕ್ ಬೇಕ್ರಿ ಅದು ನಿಮಗ? ಯಾರೂ ಕೇಳೂದಿಲ್ಲ ಅದನ್ನ” ಅಂದರು. ಅದು ನಿಜವೇ ಆಗಿತ್ತು, ಯಾರೂ ಕೇಳಿರಲಿಲ್ಲ. ಮೂರನೇ ಸಲ ಹೋದಾಗ ಪುಸ್ತಕ ಸಿಕ್ಕಿತು. ಒಂದು ಪುಟದಲ್ಲಿ ಸಭೆಯ ತಾರೀಖು ಇತ್ತು, ಸದಸ್ಯರ ಸಹಿಗಳಿದ್ದವು, ನಡುವೆ ನಿರ್ಣಯ ಬರೆಯಬೇಕಾದ ಜಾಗ ಪೂರ್ತಿ ಬಿಳಿ. ಸಹಿ ಮೊದಲು, ನಿರ್ಣಯ ಆಮೇಲೆ. ನಮ್ಮ ಜತೆಗಿದ್ದ ಹುಡುಗಿ ಆ ಬಿಳಿ ಜಾಗದ ಮೇಲೆ ಬೆರಳಿಟ್ಟು ಸುಮ್ಮನೆ ನಿಂತಳು. ಅಲ್ಲಿಯವರು ಪುಸ್ತಕ ಮುಚ್ಚಿದರು.

ಆ ಕಾಲದ ಉರ್ದು ಕಾಗದಗಳನ್ನು ಓದಲಾಗದ್ದಕ್ಕೆ ನಮ್ಮ ಹಿರಿಯರನ್ನು ಯಾರೂ ದೂರುವಂತಿಲ್ಲ. ಈಗಿನದು ಕನ್ನಡದಲ್ಲೇ ಇದೆ. ಪಂಚಾಯಿತಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಸದಸ್ಯರಾಗಿದ್ದಾರೆ, ಕೂಲಿ ಮಾಡುವವರಿದ್ದಾರೆ, ಬುಟ್ಟಿ ಹೊತ್ತವರ ಮೊಮ್ಮಕ್ಕಳಿದ್ದಾರೆ. ಅವರ ಸಹಿಯ ಮೇಲೆ ಇನ್ನಾರೋ ನಿರ್ಣಯ ಬರೆದರೆ ಓಟು ಬಂದು ಏನಾಯಿತು?

ಇನ್ನೊಂದು ಮಾತು, ಬಜಾರಕ್ಕೆ ಮಾಲು ಒಯ್ಯುವವರಿಗೆ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಿದೆ. ಅದನ್ನು ಬುಟ್ಟಿಯಲ್ಲಿಟ್ಟು ರಸ್ತೆ ಬದಿ ಕೂತು ಮಾರುವವರಿಗೆ ಸಿಗುವುದು ತೈಬಜಾರಿ ಚೀಟಿ, ಕೆಲವು ಸಲ ಚೀಟಿಯೂ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು. 1 ಆಣೆ ಸೆಸ್ ಕೊಟ್ಟು ಸುಮ್ಮನಿದ್ದವರ ಮೊಮ್ಮಕ್ಕಳು ಚೀಟಿ ದುಡ್ಡು ಕೊಟ್ಟೂ ಸುಮ್ಮನಿರಬೇಕಿಲ್ಲ. ರಸೀದಿ ಕೇಳಿ, ಸಮಿತಿಯಲ್ಲಿ ಯಾರಿದ್ದಾರೆ ಎಂದೂ ಕೇಳಿ.

ಆರು ತಿಂಗಳಿಗೆ ಒಂದಾದರೂ ಗ್ರಾಮಸಭೆ ನಡೆಯಲೇಬೇಕು. ಮುಂದಿನ ಸಭೆ ಎಂದು ಡಂಗುರ ಕೇಳಿದ ದಿನ ಹೋಗಿ, ಹಿಂದಿನ ಸಭೆಯ ನಿರ್ಣಯ ಓದಿ ಹೇಳಿ ಅನ್ನಿ. ಓದದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಅರ್ಜಿ ಬರೆಯುವುದು ತಿಳಿಯದಿದ್ದರೆ ನಮಗೆ ತಿಳಿಸಿ, ನಾವು ಬರೆದುಕೊಡುತ್ತೇವೆ. ಪುಟ ಸಿಕ್ಕರೆ ಫೋಟೋ ಕಳಿಸಿ. ನಿರ್ಣಯದ ಜಾಗ ಬಿಳಿ ಇದ್ದರೆ ಅದನ್ನೂ ಕಳಿಸಿ.